ಯಂಕಮ್ಮನ ಪಾಲು

ನನ್ನ ಅತ್ತೆ ಬಂಡೆಮ್ಮ ಹೆಬ್ಬಾತಿನ ಮರಿಯನ್ನು ಅಂಗೈಯಲ್ಲಿ ಮಗುಚಿ, ಬಾಲದ ಕೆಳಗಿನ ತುಪ್ಪಳವನ್ನು ಉಫ್ ಎಂದು ಊದಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ ಹೇಳಿಬಿಡುತ್ತಿದ್ದರು: ಗಂಡು, ಇಲ್ಲವೇ ಹೆಣ್ಣು. ಗಂಡು ಎಡಗಡೆಯ ಬುಟ್ಟಿಗೆ, ಹೆಣ್ಣು ಬಲಗಡೆಯ ಬುಟ್ಟಿಗೆ. ಆದರೆ ಮೊಟ್ಟೆ ಒಡೆದಾಗಲೆಲ್ಲ ಯಾವುದಾದರೂ ಒಂದು ಮರಿಯನ್ನು ನೋಡಿ, ಏನೂ ಹೇಳದೆ, ಕೆಳಗೆ ಗೋಣಿಚೀಲದ ಮೇಲೆ ಬಿಡುತ್ತಿದ್ದರು. ಅದು ಬೆಳಗಾಗುವಷ್ಟರಲ್ಲಿ ಸತ್ತಿರುತ್ತಿತ್ತು. ರೋಗವಿಲ್ಲ, ಗಾಯವಿಲ್ಲ, ಕತ್ತು ಚಾಚಿ ಮಲಗಿದ ಹಾಗೆ ಕಾಣುತ್ತಿತ್ತು.

ನಾವು ಮಾನ್ವಿ ಕಡೆಯವರು. ನನ್ನ ಗಂಡ ಪರಮೇಶನಿಗೆ ಬಾಲಾನಗರದ ಒಂದು ಲೇಥ್ ಶೆಡ್ಡಿನಲ್ಲಿ ಕೆಲಸ. ಜೀಡಿಮೆಟ್ಲಾದ ಔಷಧಿ ಫ್ಯಾಕ್ಟರಿ ಗೋಡೆಗಳ ಹಿಂದೆ ನಮ್ಮ ತಗಡಿನ ಮನೆ, ಪಕ್ಕದಲ್ಲಿ ಬಾತುಗಳ ದೊಡ್ಡಿ. ಗಾಳಿ ನಮ್ಮ ಕಡೆ ತಿರುಗಿದರೆ ಅನ್ನಕ್ಕೂ ಮಾತ್ರೆಯ ರುಚಿ ಬರುತ್ತಿತ್ತು. ಆ ವರ್ಷಗಳಲ್ಲಿ ಕಂಪ್ಯೂಟರ್ ಕಂಪನಿಯವರು ಮಾಧಾಪುರದ ಕಡೆ ಬಂಗಲೆ ಕಟ್ಟಿಸಿದ್ದೇ ಕಟ್ಟಿಸಿದ್ದು. ಬಂಗಲೆಗೊಂದು ಕೊಳ, ಕೊಳಕ್ಕೊಂದು ಜೋಡಿ ಹೆಬ್ಬಾತು. ಅವರ ಬಾಯಲ್ಲಿ ಅದು ಹಂಸ. ಜೋಡಿ ಎಂದರೆ ಒಂದು ಗಂಡು ಒಂದು ಹೆಣ್ಣೇ ಆಗಬೇಕು. ಎರಡೂ ಗಂಡಾದರೆ ತಾವೂ ಕಚ್ಚಾಡಿ ಮಾಲಿಯ ಕಾಲನ್ನೂ ಬಿಡುವುದಿಲ್ಲ. ಹಾಗಾಗಿ ಅತ್ತೆಯ ಕೈಗೆ ಬೆಲೆ ಬಂದಿತ್ತು. ಓಣಿಯ ಬಸುರಿಯರು ಕೂಡ ಬಂದು ಹೊಟ್ಟೆ ಮುಟ್ಟಿಸಿಕೊಂಡು ಹೋಗುತ್ತಿದ್ದರು. ಇವರಿಗೆಲ್ಲ ಬೇರೆ ಕೆಲಸವಿಲ್ಲವೇ ಎಂದು ನಾನು ಗೊಣಗುತ್ತಿದ್ದೆ.

ಆಮೇಲೆ ನಾನೇ ಬಸುರಿಯಾದೆ. ಹಿಂದಿನ ಸಲ ಹೊಟ್ಟೆಯಲ್ಲಿದ್ದದ್ದು ಹೊಟ್ಟೆಯಲ್ಲೇ ಹೋಗಿತ್ತು. ಈ ಸಲ ಉಳಿಯಬೇಕು. ನನಗೆ ಬೇರೆ ಏನೂ ಬೇಡವಾಗಿತ್ತು. ಒಂದು ಬೆಳಿಗ್ಗೆ ಎಣ್ಣೆ ಹಚ್ಚುತ್ತಿದ್ದ ಅತ್ತೆಯ ಕೈ ನನ್ನ ಹೊಟ್ಟೆಯ ಮೇಲೆ ನಿಂತಿತು. ಅವರು ಬಾಯಿ ತೆರೆದರು, ಮುಚ್ಚಿದರು, ಎದ್ದು ಬಾಗಿಲಿಗೆ ಹೋದರು.

"ಯಾಕ್ರಿ ಅತ್ತಿ, ಏನೂ ಹೇಳಲಿಲ್ಲ?"

"ಕೈಗೆ ಎಣ್ಣಿ ಹತ್ತೈತಿ. ತಿಳಿಯಂಗಿಲ್ಲ."

ಕೈ ತೊಳೆದು ಬರಬಹುದಿತ್ತು. ಬರಲಿಲ್ಲ.

ನನ್ನ ಸ್ವಭಾವವೇ ಹಾಗೆ, ಹೆದರಿಕೆಯಾದರೆ ಸಿಟ್ಟು ಬರುತ್ತದೆ. ಮುಂದಿನ ಸಲ ಅತ್ತೆ ಗೋಣಿಚೀಲದ ಮೇಲೆ ಬಿಟ್ಟ ಮರಿಯನ್ನು ಎತ್ತಿ ಮನೆಯೊಳಗೆ ತಂದೆ. ಇದು ಉಳಿದರೆ ನನ್ನದೂ ಉಳಿಯುತ್ತದೆ ಎಂದು ಹಟ ತೊಟ್ಟೆ. ರಟ್ಟಿನ ಡಬ್ಬಿಯಲ್ಲಿ ಹೊಟ್ಟು ಹಾಸಿ ಮೇಲೆ ಬಲ್ಬು ಕಟ್ಟಿದೆ. ಮುಳುಗದಿರಲೆಂದು ನೀರಿನ ತಟ್ಟೆಯಲ್ಲಿ ಕಲ್ಲು ಹಾಕಿಟ್ಟೆ. ನೆನೆಸಿದ ನುಚ್ಚು, ಸಣ್ಣಗೆ ಹೆಚ್ಚಿದ ಪಾಲಕ್ ತಿನ್ನಿಸಿದೆ. ತಾಯಿಯಿಲ್ಲದ ಮರಿಯ ತುಪ್ಪಳ ನೀರು ಕುಡಿದುಬಿಡುತ್ತದೆ ಎಂದು ಗರಿ ಬರುವವರೆಗೆ ಈಜಲು ಬಿಡಲಿಲ್ಲ. ಅದು ಬದುಕಿತು. ನಮ್ಮ ದೊಡ್ಡಿಯಲ್ಲೇ ದೊಡ್ಡ ಹಕ್ಕಿಯಾಯಿತು, ನಾನು ಹೋದಲ್ಲೆಲ್ಲ ಹಿಂದೆ ಬಂತು.

ಒಂದೇ ಕೊರತೆ, ಅದಕ್ಕೆ ದನಿ ಇರಲಿಲ್ಲ. ಬೆಳೆದ ಹೆಬ್ಬಾತನ್ನು ಮಗುಚಿ ನೋಡಬೇಕಾಗಿಲ್ಲ, ಕೂಗು ಕೇಳಿದರೆ ಸಾಕು: ಗಂಡಿನದು ಕೀರಲು, ಹೆಣ್ಣಿನದು ದಪ್ಪ. ಇದು ಕೂಗುತ್ತಲೇ ಇರಲಿಲ್ಲ. ಸಂಜೆಯಾದರೆ ಕೊಂಡಾಪುರದ ದಿಕ್ಕಿಗೆ ಮುಖ ಮಾಡಿ, ಯಾರೋ ಕರೆದದ್ದಕ್ಕೆ ಓಗೊಡುವಂತೆ ಕತ್ತು ಚಾಚಿ ಕೊಕ್ಕು ತೆರೆಯುತ್ತಿತ್ತು. ಗಂಟಲು ಅಲುಗುತ್ತಿತ್ತು, ಸದ್ದು ಮಾತ್ರ ಹೊರಡುತ್ತಿರಲಿಲ್ಲ. ಅತ್ತೆ ಆ ಹೊತ್ತಿಗೆ ಒಳಗೆ ಹೋಗಿ ಕೂರುತ್ತಿದ್ದರು.

ಬಂಗಲೆಗಳಿಗೆ ಕೊಳ ಕಟ್ಟುವ ಗುತ್ತಿಗೆದಾರ ವೈಜನಾಥ, ಬೀದರಿನವನು, ಒಂದು ದಿನ ಬಂದವನು ಬೇರೆ ಯಾವುದನ್ನೂ ನೋಡಲಿಲ್ಲ. ಇದರ ಬೆನ್ನು ಸವರಿದ, ಕಾಲು ದೂರ ದೂರ ನೆಟ್ಟಗಿವೆಯೇ ನೋಡಿದ, ರೆಕ್ಕೆ ಬಿಡಿಸಿ ತುದಿ ತಿರುಚಿಲ್ಲವೆಂದು ಖಾತ್ರಿ ಮಾಡಿಕೊಂಡ.

"ತಳಿಗೆ ಬಿಡಾಕ ಇಂಥಾದ ಹುಡುಕಾಕತ್ತಿದ್ದೆ, ಅಕ್ಕಾರ. ಗಂಡೋ ಹೆಣ್ಣೋ ಹೇಳ್ರಿ, ಇವತ್ತ ಒಯ್ತೀನಿ."

"ಕೊಡೂದಿಲ್ರಿ," ಎಂದೆ. "ಅದು ನಂದು."

ವೈಜನಾಥ ಹೋದಮೇಲೆ ಅತ್ತೆ ನನ್ನ ಕೈ ಹಿಡಿದುಕೊಂಡರು. "ನಂದು ಅನಬ್ಯಾಡ, ಶೈಲಾ. ಅದು ಯಂಕಮ್ಮಂದು."

ಯಂಕಮ್ಮ ನಮ್ಮ ಕಡೆಯವಳೇ, ಕೊಂಡಾಪುರದ ಕುಂಟೆಯ ದಂಡೆಯಲ್ಲಿ ಹೆಬ್ಬಾತು ಸಾಕಿಕೊಂಡಿದ್ದ ಮುದುಕಿಯಂತೆ. ನಾನು ಸೊಸೆಯಾಗಿ ಬರುವ ಮೊದಲು ಅತ್ತೆ ಮೊದಲ ಜೋಡಿಯನ್ನು ಅವಳಿಂದ ಪಾಲಿಗೆ ತಂದಿದ್ದರು. ಊರಲ್ಲಿ ಆಕಳು, ಕುರಿ ಪಾಲಿಗೆ ಕೊಡುವ ಹಾಗೆಯೇ: ಸಾಕುವವರು ನಾವು, ಮರಿಗಳಲ್ಲಿ ಅರ್ಧ ಅವಳಿಗೆ. ಹಂಚಿಕೊಳ್ಳುವ ರೀತಿ ಮಾತ್ರ ಆ ಇಬ್ಬರದೇ. ಎದುರುಬದುರು ಕೂತು ಮರಿ ಮಗುಚುವುದು. ಗಂಡು ಹೆಣ್ಣು ಯಾರು ಮೊದಲು ಹೇಳುತ್ತಾರೋ ಮರಿ ಅವರದು. ಆಮೇಲೆ ಕುಂಟೆಯನ್ನು ಯಾರೋ ಕೊಂಡು ಮಣ್ಣು ತುಂಬಿಸಿದರು, ಗುಡಿಸಲು ಕಿತ್ತರು, ಯಂಕಮ್ಮ ಜ್ವರ ಬಂದು ಸತ್ತಳು. ಆಗ ನಮ್ಮ ದೊಡ್ಡಿಯಲ್ಲಿ ಮೊಟ್ಟೆ ಒಡೆಯುತ್ತಿದ್ದವು. ಸತ್ತವರಿಗೆ ಎಂಥಾ ಪಾಲು ಎಂದ ನನ್ನ ಗಂಡ. ಅತ್ತೆ ಅಷ್ಟೂ ಮರಿಗಳನ್ನು ಮುಂದಿಟ್ಟುಕೊಂಡು ಒಬ್ಬರೇ ಕೂತರು.

"ಮೊದಲನೇ ಮರಿಗೇ ಕೇಳ್ತು," ಎಂದರು ಅತ್ತೆ. "ನಾ ಬಾಯಿ ತೆಗಿಯೂದ್ರಾಗ ಹಿಂದಿನಿಂದ ಆಕಿ ಹೇಳಿದ್ಲು. ಆಕಿ ಮೊದಲ ಹೇಳಿದ್ದನ್ನ ನಾ ಹೆಂಗ ಹೇಳ್ಲಿ?"

"ನನ್ನ ಹೊಟ್ಟಿ ಮುಟ್ಟಿದಾಗ?"

ಅತ್ತೆ ನೆಲ ನೋಡಿದರು. "ಆಗೂ ಹೇಳಿದ್ಲು."

ನನಗೆ ಯಂಕಮ್ಮನ ಮೇಲಲ್ಲ, ಅವಳ ಪಾಲು ಕೊಡದೆ ಇಟ್ಟುಕೊಂಡ ಈ ತಾಯಿ ಮಗನ ಮೇಲೆ ಮೈಯೆಲ್ಲ ಉರಿದುಹೋಯಿತು. ಹೆಬ್ಬಾತನ್ನು ಬುಟ್ಟಿಯಲ್ಲಿ ಕೂರಿಸಿ, ಅತ್ತೆಯನ್ನು ಎಳೆದುಕೊಂಡು ಆಟೋ ಹತ್ತಿದೆ. ಕುಂಟೆಯಿದ್ದ ಜಾಗದಲ್ಲಿ ಗಾಜಿನ ಕಟ್ಟಡ ನಿಂತಿತ್ತು. ಮಟಮಟ ಮಧ್ಯಾಹ್ನ. ಯಾರೋ ಸಾಹೇಬರು ತರಿಸಿದ ಹಂಸವೆಂದು ತಿಳಿದು ವಾಚ್‌ಮನ್ ತಾನೇ ಗೇಟು ತೆಗೆದ.

ಬುಟ್ಟಿಯ ಬಾಯಿ ಬಿಚ್ಚಿದೆ. "ಯಂಕಮ್ಮಾಯಿ, ಇದು ನಿಂದು. ತಳಿಗೆ ಬಿಡೋ ಅಂಥಾ ಹಕ್ಕಿ. ಇದನ್ನ ತಗೊಂಡು ನನ್ನ ಹೊಟ್ಟಿ ಬಿಡು."

ಅದು ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ. ನೆಟ್ಟಗೆ ಕಾರು ನಿಲ್ಲಿಸುವ ಕಲ್ಲುಹಾಸಿಗೆ ನಡೆದು, ನೀರಿಗಿಳಿಯುವ ಹಾಗೆ ಎದೆ ಊರಿತು. ಕಾದ ಕಲ್ಲು, ಹನಿ ನೀರಿಲ್ಲ. ಆದರೂ ಅದರ ಎದೆಯ ಗರಿ ನೆನೆಯುತ್ತಾ ಬಂತು. ಆಮೇಲೆ ಕತ್ತು ಚಾಚಿ ಮೊದಲ ಸಲ ಕೂಗಿತು, ದಪ್ಪ ದನಿಯಲ್ಲಿ.

"ಹೆಣ್ಣು," ಎಂದಿತು ನನ್ನ ಬೆನ್ನ ಹಿಂದೆ ಒಂದು ಮುದಿ ದನಿ, ಭಾಳ ಖುಷಿಯಿಂದ.

ಅತ್ತೆ ನನ್ನ ಮುಂದೆ ನಿಂತಿದ್ದರು.

ಹಕ್ಕಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದದ್ದೇ ಅತ್ತೆ ಕೈ ತೊಳೆದು ನನ್ನ ಹೊಟ್ಟೆ ಮುಟ್ಟಿದರು. ಸ್ವಲ್ಪ ಹೊತ್ತು ಕಿವಿಗೊಟ್ಟರು. "ಗಂಡು," ಎಂದರು. ನಾನು ಅತ್ತುಬಿಟ್ಟೆ. ಅತ್ತೆಯೂ ಅಳುತ್ತಾ ನಗುತ್ತಾ ಕೈಯನ್ನು ಪಕ್ಕಕ್ಕೆ ಸರಿಸಿದರು. ಅಲ್ಲಿ ಕೈ ನಿಂತಿತು.

"ಇನ್ನೊಂದೈತಿ," ಎಂದರು ಮೆಲ್ಲಗೆ.

ಅವರ ಬಾಯಿ ತೆರೆದೇ ಇತ್ತು. ಕಣ್ಣು ನನ್ನ ಭುಜದಾಚೆ ಏನನ್ನೋ ನೋಡುತ್ತಿದ್ದವು. ಪಾಲೆಂದರೆ ಅರ್ಧ ಎನ್ನುವುದು ನನಗೆ ಆಗ ನೆನಪಾಯಿತು. ಯೋಚಿಸಲಿಲ್ಲ, ಬಾಯಿಗೆ ಬಂದದ್ದನ್ನು ಕಿರುಚಿದೆ. "ಹೆಣ್ಣು. ನಂದು ಅದು."

ಎರಡೂ ಹುಟ್ಟಿದವು. ಗಂಡು ಮೊದಲು ಬಂದು ದವಾಖಾನೆಯೇ ಎದ್ದು ಕೂರುವಂತೆ ಅತ್ತಿತು. ಹಿಂದೆ ಬಂದ ಹೆಣ್ಣು ಉಸಿರಾಡಿತು, ಬಾಯಿ ತೆರೆಯಿತು, ಅದರ ಗಂಟಲು ಅಲುಗಿತು, ಸದ್ದು ಮಾತ್ರ ಬರಲಿಲ್ಲ. ಭಾಗ್ಯಶ್ರೀ ಎಂದು ಹೆಸರಿಟ್ಟೆವು. ಈಗ ಓಡಾಡುತ್ತಾಳೆ, ಅಣ್ಣನ ತಟ್ಟೆಯಿಂದ ಕಸಿದು ತಿನ್ನುತ್ತಾಳೆ, ನನ್ನ ಸೆರಗು ಬಿಡುವುದಿಲ್ಲ. ಗಂಟಲಲ್ಲಿ ಏನೂ ದೋಷವಿಲ್ಲ ಎನ್ನುತ್ತಾರೆ ಡಾಕ್ಟರು. ಮಾತಾಡದಿದ್ದರೆ ಬೇಡ, ನನ್ನ ಕಣ್ಣ ಮುಂದೆ ಇದ್ದಾಳಲ್ಲ ಎಂದುಕೊಂಡೆ.

ಅತ್ತೆ ಈಗ ಎಲ್ಲ ಮರಿಗಳಿಗೂ ಗಂಡು ಹೆಣ್ಣು ಹೇಳುತ್ತಾರೆ. ಗೋಣಿಚೀಲದ ಮೇಲೆ ಯಾವುದನ್ನೂ ಬಿಡುವುದಿಲ್ಲ. ಸಂಜೆಯಾದರೆ ಮಾತ್ರ ಭಾಗ್ಯಶ್ರೀ ಆಟ ಬಿಟ್ಟು, ಅಂಗಳದಲ್ಲಿ ಕೊಂಡಾಪುರದ ಕಡೆಗೆ ನಿಂತು ಕತ್ತು ಚಾಚುತ್ತಾಳೆ. ನಾನು ಓಡಿಹೋಗಿ ಎತ್ತಿಕೊಂಡು ಅವಳ ಕಿವಿಯಲ್ಲಿ ಹೇಳುತ್ತೇನೆ: ನಂದು. ದಿನಾ ಹೇಳುತ್ತೇನೆ, ಯಾರಿಗಿಂತಲೂ ಮೊದಲು.

ನಿನ್ನೆ ಬಾತುಗಳಿಗೆ ನುಚ್ಚು ಕಲಸುತ್ತಾ ತಡವಾಯಿತು. ಅಂಗಳದಿಂದ ಒಂದು ಕೂಗು ಕೇಳಿಸಿತು, ದಪ್ಪ ದನಿ. ಓಣಿಯವರೆಲ್ಲ ಹೊರಗೆ ಬಂದರು. ಹುಡುಗಿಗೆ ದನಿ ಬಂತು ಎಂದು ಪಕ್ಕದ ಮನೆಯವರು ನನ್ನ ಬಾಯಿಗೆ ಸಕ್ಕರೆ ಹಾಕಿದರು. ನಾನು ಅವಳ ಲಂಗ ಮುಟ್ಟಿ ನೋಡಿದೆ. ಎದೆಯ ಹತ್ತಿರ ಒದ್ದೆಯಾಗಿತ್ತು.