‘ನೀವು’ ಅಂದರೆ ಎಷ್ಟು ಜನ?

ತಮ್ಮನಿಗೆ ತಲೆ ಕೆಟ್ಟುಹೋಗಿತ್ತು. ಸಂಜೆ ಕಾಲೇಜಿನಲ್ಲಿ ಅವನು ವಿದೇಶಿ ಭಾಷೆ ಕಲಿಸುವವನು. ಅವನ ತರಗತಿಯ ಕೊನೆಯ ಬೆಂಚಿನಲ್ಲಿ ಅವನ ಸ್ವಂತ ಅಕ್ಕ. ಲಾಂಡ್ರಿ ನಡೆಸುತ್ತ, ಮಕ್ಕಳನ್ನು ಒಂದು ದಡ ಸೇರಿಸಿ, ಈ ವಯಸ್ಸಿನಲ್ಲಿ ಡಿಗ್ರಿ ಮಾಡಿಯೇ ತೀರುತ್ತೇನೆಂದು ಹಟ ಹಿಡಿದವಳು. ಕಾಲೇಜಿಗೆಲ್ಲ ಅವನು ಮೇಷ್ಟ್ರು, ಅಕ್ಕನಿಗೆ ಮಾತ್ರ ತರಗತಿಯಲ್ಲೂ ‘ಲೋ’.

ಉಳಿದ ಪೇಪರುಗಳೆಲ್ಲ ಪಾಸಾಗಿದ್ದವು. ಈ ಭಾಷೆಯ ಮೌಖಿಕ ಪರೀಕ್ಷೆಯಲ್ಲಿ ಮಾತ್ರ ಎರಡು ಸಲ ಡುಮ್ಕಿ. ಪರೀಕ್ಷಕರು ಇವಳೊಬ್ಬಳನ್ನೇ ಕೇಳಿದರೆ ಇಡೀ ಮನೆಮಂದಿಯ ಪರವಾಗಿ ಉತ್ತರ ಕೊಟ್ಟು ಬರುತ್ತಿದ್ದಳು. ನಾಳೆ ಕೊನೆಯ ಅವಕಾಶ. ಹೋದರೆ ಡಿಗ್ರಿಯೂ ಹೋಯಿತು.

ಹಾಗಾಗಿ ಮಧ್ಯಾಹ್ನ ಅವನು ಅಂಗಡಿಗೇ ಬಂದು ಕೂತ. ಅಕ್ಕ ಶರ್ಟಿನ ಕಾಲರಿಗೆ ನೀರು ಚಿಮುಕಿಸಿ ಇಸ್ತ್ರಿ ಎಳೆಯುತ್ತಿದ್ದಳು.

“ನೀವು ಎಲ್ಲಿ ಕೆಲಸ ಮಾಡುತ್ತೀರಿ?” ಆ ಭಾಷೆಯಲ್ಲಿ ಕೇಳಿದ.

“ನಾವು ಲಾಂಡ್ರಿಯಲ್ಲಿ ಕೆಲಸ ಮಾಡುತ್ತೇವೆ.” ಉಚ್ಚಾರದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ.

“ನಾವಲ್ಲ, ನಾನು! ಸರಿ. ನೀವು ಯಾವಾಗ ಏಳುತ್ತೀರಿ?”

“ನಾವು ಬೆಳಿಗ್ಗೆ ಬೇಗ...”

ಪುಸ್ತಕವನ್ನು ಬಟ್ಟೆಗಂಟಿನ ಮೇಲೆ ಬಿಸಾಕಿದ. “ಎಷ್ಟು ಸಲ ಬಡ್ಕೊಳ್ಳೋದು ನಿಂಗೆ? ನಮ್ಮ ಮಾತಲ್ಲಿರೋ ಹಾಗೇ ಅಲ್ವಾ? ‘ನೀವು’ ಅನ್ನೋದು ಮರ್ಯಾದೆಗೆ. ಕೇಳ್ತಿರೋದು ನಿನ್ನೊಬ್ಳನ್ನೇ! ನಿನ್ನ ತಲೇಲಿ ಏನಿದೆ, ಮಣ್ಣಾ?”

ಅಕ್ಕ ಇಸ್ತ್ರಿಪೆಟ್ಟಿಗೆ ಕುಕ್ಕಿದಳು. “ಲೋ, ಬೇಕೂ ಅಂತ ಮಾಡ್ತೀನೇನೋ? ಅಪ್ಪ, ನಿಮ್ಮ ಭಾವ, ಮಕ್ಳು, ನೀನು, ಬರೋ ಗಿರಾಕಿ, ಎಲ್ರಿಗೂ ನಾನು ‘ನೀನು’ನೇ. ಕಿವಿಗೆ ‘ನೀವು’ ಅಂತ ಬಿದ್ರೆ ಮನೆಯವರನ್ನೆಲ್ಲ ಕೇಳ್ತಿದಾರೆ ಅಂತ್ಲೇ ಅನ್ಸತ್ತೆ. ಯೋಚ್ನೆ ಮಾಡೋದ್ರೊಳ್ಗೆ ಬಾಯಿ ಉತ್ರ ಕೊಟ್ಟಿರತ್ತೆ.”

ತಮ್ಮನ ಸಿಟ್ಟು ಇಳಿಯಲಿಲ್ಲ, ಅಕ್ಕನನ್ನು ಬಿಟ್ಟು ಅವನ ಕಡೆಗೇ ತಿರುಗಿತು. ವರ್ಷವಿಡೀ ಈ ನಿಯಮವನ್ನು ಗಂಟಲು ಹರಿಯುವಂತೆ ಹೇಳಿದ್ದ, ಅದೂ ‘ನಿನಗೆ, ನಿನ್ನ’ ಎನ್ನುತ್ತಲೇ. ನಾಚಿಕೆಯಾಯಿತು. ಎದ್ದು ನಿಂತ.

“ಅಕ್ಕಾ, ನೀವು ಎಲ್ಲಿ ಕೆಲ್ಸ ಮಾಡ್ತೀರಿ?” ಈ ಸಲ ಕನ್ನಡದಲ್ಲೇ ಕೇಳಿದ.

“ಥೂ, ನಾಟಕ ಆಡ್ಬೇಡ. ಯಾರನ್ನೋ ಮಾತಾಡಿಸ್ದ ಹಾಗಿದೆ.”

“ನಿಮ್ಮನ್ನೇ ಕೇಳ್ತಿರೋದು. ಎಲ್ಲಿ ಕೆಲ್ಸ ಮಾಡ್ತೀರಿ?”

ಅವಳು ನಗಲು ಹೋದಳು, ಆಗಲಿಲ್ಲ. ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡಿದಳು. ಊರವರ ಶರ್ಟುಗಳು ಸಾಲಾಗಿ ತೂಗುತ್ತಿದ್ದವು, ಅಷ್ಟೇ.

“ನಾನು...” ಎಂದಳು ಆ ಭಾಷೆಯಲ್ಲಿ. ಮುಂಗೈಯಿಂದ ಕಣ್ಣೊರೆಸಿಕೊಂಡು ಇಸ್ತ್ರಿಯ ಸ್ವಿಚ್ಚು ಆರಿಸಿದಳು.

“ಇನ್ನೊಂದ್ಸಲ ಕೇಳಿ, ಮೇಷ್ಟ್ರೇ.”