ಸೊಟ್ಟ ಬಾಗಿಲಿನ ಗೂಡು

ಒಂದಾನೊಂದು ಊರಿನ ಅಂಚಿನಲ್ಲಿ ಒಂದು ಹಳೆಯ ಬಾವಿ. ಅದರ ಮೇಲೆ ಬಾಗಿದ ಈಚಲು ಮರದ ತುಂಬ ಗೀಜಗಗಳ ಗೂಡುಗಳು. ಎಂದಿನಂತೆ ದನಗಳು ಮೇಯಲು ಹೋದ ಒಂದು ಬೆಳಿಗ್ಗೆ ಎಳೆಯ ಗೀಜಗನೊಬ್ಬ ಬಾವಿಯ ನೀರಿಗೆ ಇಣುಕಿದ. ತನ್ನ ತಲೆಗೆ ಹಳದಿ ಬಂದಿರುವುದು ಕಂಡಿತು. ಗೀಜಗಗಳಲ್ಲಿ ಹಳದಿ ಬಂದರೆ ಕಲಿಕೆ ಮುಗಿಯಿತೆಂದು ಅರ್ಥ. ಇನ್ನು ಈಚಲು ಮರದಲ್ಲಿ ಜಾಗ ಕೇಳಿ ಗೂಡು ಕಟ್ಟಬೇಕು. ಮಳೆಗಾಲ ಮುಗಿಯುವುದರೊಳಗೆ ಜಾಗ ಸಿಗದಿದ್ದರೆ ಆ ವರ್ಷ ಅವನಿಗೆ ಸಂಸಾರವೂ ಇಲ್ಲ, ನೆಲೆಯೂ ಇಲ್ಲ.

ಮರದ ಯಜಮಾನನಾದ ಹಿರಿಯ ಗೀಜಗ ಅವನನ್ನು ಮೇಲಿಂದ ಕೆಳಗೆ ನೋಡಿದ.

"ಬಾರಪ್ಪ ಪದವೀಧರ. ಹಿಂದೆ ಎಲ್ಲಿ ಕಟ್ಟಿದ್ದೀಯ?"

"ಎಲ್ಲೂ ಇಲ್ಲ, ಯಜಮಾನರೇ. ಎಳೆ ಸೀಳುವುದು, ಹೆಣೆಯುವುದು, ಗಂಟು ಹಾಕುವುದು ಎಲ್ಲ ಕಲಿತಿದ್ದೇನೆ."

"ಕಲಿತವರು ಬೇಕಾದಷ್ಟು ಸಿಗುತ್ತಾರೆ. ನೀನು ಕಟ್ಟಿದ ಗೂಡಿನಲ್ಲಿ ಯಾರಾದರೂ ವಾಸ ಮಾಡಿರಬೇಕು. ಅದನ್ನು ತೋರಿಸು, ಜಾಗ ಕೊಡುತ್ತೇವೆ."

"ಜಾಗ ಕೊಟ್ಟರೆ ತಾನೆ ಕಟ್ಟುವುದು?"

"ಅದು ನಿನ್ನ ತಲೆನೋವು. ನಿಯಮ ನಾನು ಮಾಡಿದ್ದಲ್ಲ."

ಮೇಲಿನ ಗರಿಯಿಂದ ಯಾರೋ ಕೂಗಿದರು: "ಹಳದಿ ಚೆನ್ನಾಗಿದೆ ಕಣೋ. ಮಳೆಗೆ ಬಣ್ಣ ಬಿಟ್ಟೀತು, ಜೋಪಾನ." ಮರವಿಡೀ ನಕ್ಕಿತು.

ಬಾವಿಯ ಆಚೆ, ನೀರಿನತ್ತ ಬಾಗಿದ ಒಂದು ಕುಳ್ಳ ಜಾಲಿ ಮರವಿತ್ತು. ಅಲ್ಲಿ ಅವನ ಮೇಷ್ಟ್ರು ಒಬ್ಬರೇ ಇರುತ್ತಿದ್ದರು. ಕಳೆದ ಮಳೆಗಾಲದ ಗಾಳಿಗೆ ಅವರ ಗೂಡು, ಒಳಗಿದ್ದವರ ಸಮೇತ, ಬಾವಿಗೆ ಬಿದ್ದಿತ್ತು. ಆಮೇಲೆ ಅವರು ಪಾಠ ಹೇಳಿದರೇ ಹೊರತು ಒಂದು ಎಳೆಯನ್ನೂ ಕೊಕ್ಕಿನಲ್ಲಿ ಹಿಡಿದಿರಲಿಲ್ಲ.

ನಡೆದದ್ದನ್ನು ಕೇಳಿ ಅವರು, "ಇಲ್ಲೇ ಒಂದು ಗಂಟು ಹಾಕು, ನೋಡೋಣ" ಎಂದರು.

ಎಳೆಯ ಗೀಜಗ ಕಬ್ಬಿನ ಗರಿ ಸೀಳಿ ತಂದ. ಗಾಳಿಗೆ ಕೊಂಬೆ ತೂಗಿತು, ಎಳೆ ಜಾರಿ ನೀರಿಗೆ ಬಿತ್ತು.

"ತರಗತಿಯಲ್ಲಿ ಬರುತ್ತಿತ್ತು, ಮೇಷ್ಟ್ರೇ."

"ಅಲ್ಲಿ ಗಾಳಿ ಇರಲಿಲ್ಲ, ಮಗೂ. ಇನ್ನೊಂದು ತಾ."

ಅದೂ ಜಾರಿತು. ಮೇಷ್ಟ್ರು ಬೈಯಲಿಲ್ಲ, ಹೊಗಳಲೂ ಇಲ್ಲ. ಪಕ್ಕದಲ್ಲಿ ಕುಳಿತಿದ್ದರು, ಅಷ್ಟೆ. ಕೊಂಬೆ ತೂಗುವಾಗ ಎಳೆಯನ್ನು ಬಿಗಿಯಬಾರದು, ತೂಗಿ ನಿಲ್ಲುವ ಆ ಒಂದು ಕ್ಷಣದಲ್ಲಿ ಬಿಗಿಯಬೇಕು ಎಂಬುದು ಅವನಿಗೆ ಮಧ್ಯಾಹ್ನದ ಹೊತ್ತಿಗೆ ತಾನಾಗಿಯೇ ತಿಳಿಯಿತು. ಮೊದಲ ಗಂಟು ನಿಂತಿತು. ಅದರ ಕೆಳಗೆ ಬಳೆಯಂಥ ಸುತ್ತು, ಸುತ್ತಿನ ಸುತ್ತಲೂ ಗೋಡೆ. ಗೂಡು ಮುಗಿದಾಗ ನೋಡಿದರೆ ಬಾಗಿಲು ಒಂದು ಕಡೆಗೆ ವಾಲಿತ್ತು. ನಾಚಿಕೆಯಾಗಿ ಅವನು ಬಿಚ್ಚಲು ಹೋದ.

"ಇರಲಿ ಬಿಡು," ಎಂದರು ಮೇಷ್ಟ್ರು. "ಮುಂದಿನದನ್ನು ಕಟ್ಟುವಾಗ ನೋಡಿಕೊಳ್ಳಲಿಕ್ಕೆ ಬೇಕಾಗುತ್ತದೆ."

ಮಳೆ ಹಿಡಿದ ದಿನ ಒಂದು ಜೋಡಿ ರಾಟವಾಳಗಳು ಬಂದವು. ಗುಬ್ಬಿಗಿಂತ ಪುಟ್ಟ, ಬೂದು ಬಣ್ಣದ ಬಡಪಾಯಿ ಹಕ್ಕಿಗಳು. ಹೆಣ್ಣು ಕೇಳಿತು: "ಅಣ್ಣಾ, ಇದು ಯಾರ ಮನೆ?"

"ನಾನು ಕಟ್ಟಿದ್ದು. ಬಾಗಿಲು ಸೊಟ್ಟ."

"ಸೊಟ್ಟ ಇದ್ದುದಕ್ಕೇ ಒಳಗೆ ಎರಚಲು ಬಂದಿಲ್ಲ ನೋಡು. ನಾವು ಇರಬಹುದಾ?"

ಅವನು ತಲೆಯಾಡಿಸಿದ. ಪಕ್ಕಕ್ಕೆ ಸರಿದು ಬಾಗಿಲಿಗೆ ದಾರಿ ಬಿಟ್ಟ.

ಕೆಲವು ದಿನಗಳಲ್ಲಿ ಸುದ್ದಿ ಈಚಲು ಮರಕ್ಕೂ ಹೋಯಿತು. ಯಜಮಾನನೇ ಹಾರಿ ಬಂದು ಗೂಡನ್ನು ಅಲ್ಲಲ್ಲಿ ಎಳೆದು ನೋಡಿದ. ಒಳಗಿಂದ ರಾಟವಾಳ ಬೆದರಿ ಇಣುಕಿತು.

"ವಾಸವಿದ್ದಾರೆ, ಸರಿ. ಒಂದೇ ಒಂದು ಜಾಗ ಉಳಿದಿದೆ, ನಿನಗೇ ಇರಲಿ. ನಾಳೆ ಗಂಟು ಕತ್ತರಿಸಿ ಗೂಡನ್ನು ಅಲ್ಲಿಗೆ ತಾ. ಹಿರಿಯರ ಸಭೆ ನೋಡಬೇಕು."

"ಒಳಗೆ ಮೊಟ್ಟೆಗಳಿವೆ, ಯಜಮಾನರೇ. ಇಲ್ಲಿಗೇ ಬಂದು ನೋಡಬಹುದಲ್ಲ?"

"ಸಭೆ ಜಾಲಿ ಮರಕ್ಕೆ ಬರುವುದುಂಟೇ? ಅವು ನಮ್ಮ ಪೈಕಿಯೂ ಅಲ್ಲ. ಯೋಚನೆ ಮಾಡು, ಮಳೆಗಾಲ ನಿನಗಾಗಿ ಕಾಯುವುದಿಲ್ಲ."

ಮರುದಿನ ಬೆಳಿಗ್ಗೆ ಈಚಲಿನ ಪ್ರತಿ ಗರಿಯಲ್ಲೂ ಹಕ್ಕಿಗಳು ಕುಳಿತು ಈ ಕಡೆಗೇ ನೋಡುತ್ತಿದ್ದವು. ಎಳೆಯ ಗೀಜಗ ಗಂಟಿನ ಬಳಿ ಬಂದು ಕುಳಿತ. ಒಮ್ಮೆ ಕೊಕ್ಕು ಹಾಕಿದರೆ ಸಾಕು, ಬೇಕೆಂದದ್ದೆಲ್ಲ ಸಿಗುತ್ತಿತ್ತು. ಬಾವಿಯ ಕಡೆಯಿಂದ ಗಾಳಿ ಏಳುತ್ತಿತ್ತು. ಗಂಟಿನ ಎಳೆಗಳು ಒಣಗಿ ಕಂದಾಗಿದ್ದವು. ಒಂದು ಆಗಲೇ ಸವೆದಿತ್ತು.

"ಏನು ಮಾಡಲಿ, ಮೇಷ್ಟ್ರೇ?"

ಮೇಷ್ಟ್ರು ಬಾವಿಯ ನೀರಿನತ್ತ ನೋಡಿದರು. "ಗಂಟು ನಿನ್ನದು," ಎಂದರು.

ಅವನು ಹಾರಿದ. ಈಚಲು ಮರದ ಕಡೆಗಲ್ಲ, ಕಬ್ಬಿನ ಗದ್ದೆಗೆ. ಒಂದು ಉದ್ದನೆಯ ಹಸಿರು ಎಳೆಯನ್ನು ಸೀಳಿ ತಂದು, ಕೊಂಬೆ ತೂಗಿ ನಿಲ್ಲುವುದನ್ನು ಕಾದು, ಹಳೆಯ ಗಂಟಿನ ಮೇಲೆ ಬಿಗಿದ. ಈ ಸಲ ಎಳೆ ಜಾರಲಿಲ್ಲ. ಆಚೆ ಮರದಲ್ಲಿ ಯಾರೋ ನಕ್ಕರು. ಅದು ಅವನ ಕಿವಿಗೆ ಬೀಳಲಿಲ್ಲ. ಮುಂದಿನ ಎಳೆಗಾಗಿ ಅವನು ಆಗಲೇ ಗದ್ದೆಯ ದಾರಿ ಹಿಡಿದಿದ್ದ.

ಮಧ್ಯಾಹ್ನದವರೆಗೆ ಕಾದು, ಸಭೆ ಆ ಜಾಗವನ್ನು ಬೇರೆ ಯಾರಿಗೋ ಕೊಟ್ಟಿತು. ಸಂಜೆ ಜೋರು ಗಾಳಿ ಬೀಸಿತು. ಬೆಳಕು ಹರಿದಾಗ ಜಾಲಿಯ ಗೂಡು ಇದ್ದಲ್ಲೇ ತೂಗುತ್ತಿತ್ತು.

ಅದರ ಗಂಟಿನಲ್ಲಿ ಮೂರು ಹಸಿರು ಎಳೆಗಳಿದ್ದವು. ಎಳೆಯ ಗೀಜಗ ಕಟ್ಟಿದ್ದು ಎರಡು.