ಊಟಕ್ಕೆ ಕರೆಯುವ ಹಳದಿ ಬಟ್ಟೆ

ಮಗಳು ಸೂಜಿ ಅಮ್ಮನ ಕಣ್ಣು ಒರೆಸುತ್ತಿದ್ದಳು. ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ, ಹಿಂಡಿ, ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒಂದೇ ಎಳೆತ ಎಳೆದು, ಆ ಹತ್ತಿ ಬಿಸಾಕಿ ಬೇರೆಯದು ತೆಗೆದುಕೊಳ್ಳುವುದು. ಕಿಟಕಿಗೆ ಅಂಟಿಸಿದ ಕಪ್ಪು ಕಾಗದದ ಒಂದು ಮೂಲೆ ಎದ್ದಿತ್ತು. ಅಲ್ಲಿಂದ ಬಂದ ಬೆಳಕು ಅಮ್ಮನ ಗಲ್ಲದ ಮೇಲೆ ನಾಣ್ಯದಷ್ಟಗಲ ಕೂತಿತ್ತು.

ಅಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪೊರೆ ತೆಗೆದು ಒಳಗೆ ಕೂರಿಸುವ ಗಾಜು ಹೊರದೇಶದಿಂದ ಬರಬೇಕಂತೆ. ನಮ್ಮ ದೇಶ ಅಣುಬಾಂಬು ಮಾಡುತ್ತಿದೆ ಅಂತ ಪರದೇಶದವರು ನಿರ್ಬಂಧ ಹಾಕಿದ ಮೇಲೆ ಅದೂ ನಿಂತುಹೋಗಿತ್ತು. ಅಣುಬಾಂಬಿಗೂ ಮುದುಕಿಯ ಕಣ್ಣಿಗೂ ಏನು ಸಂಬಂಧ ಅಂತ ಅಮ್ಮ ಕೇಳಿದ್ದಕ್ಕೆ, ಕಣ್ಣಿನ ಡಾಕ್ಟರು, ಅದನ್ನ ನಾನೂ ರೇಡಿಯೋಗೆ ಕೇಳ್ತಾ ಇದ್ದೀನಮ್ಮ, ಅದು ಉತ್ತರ ಕೊಡ್ತಿಲ್ಲ ಅಂದಿದ್ದರು. ಈಗ ಅಮ್ಮನಿಗೆ ಜಗತ್ತೆಲ್ಲ ಹಾಲಿನಲ್ಲಿ ಅದ್ದಿಟ್ಟ ಹಾಗೆ. ಹಳದಿ ಒಂದು ಮಾತ್ರ ಬಣ್ಣ ಅಂತ ಗೊತ್ತಾಗುತ್ತಿತ್ತು.

ಅಂದು ಬೆಳಿಗ್ಗೆ ರೇಡಿಯೋ ಬೇರೆಯೇ ಸುದ್ದಿ ಹೇಳಿತು. ಬಂದರಿನ ಆಚೆ ನಿಂತಿರುವ ಸರಕಿನ ಹಡಗಿನಿಂದ ಇಳಿಯಬೇಕೆನ್ನುವವರು ಇವತ್ತು ಕತ್ತಲಾಗುವವರೆಗೆ ತಮ್ಮದೇ ದೋಣಿಯಲ್ಲಿ ಇಳಿದು ದಡಕ್ಕೆ ಬರಬಹುದು. ಆಮೇಲೆ ಸುತ್ತ ನಿಂತಿರುವ ಪರದೇಶದ ಯುದ್ಧನೌಕೆಗಳ ಸೈನಿಕರು ಹಡಗು ಹತ್ತುತ್ತಾರೆ. ತಡೆದರೆ ಗುಂಡು ಹಾರಿಸುತ್ತಾರೆ.

ಆ ಹಡಗಿನಲ್ಲಿ ಅಣ್ಣ ಅಡುಗೆಯವನು.

ಹಡಗಿನ ಹೊಟ್ಟೆಯಲ್ಲಿ ಉಕ್ಕಿನ ಕೊಳವೆಗಳಿವೆ, ಅವುಗಳಿಂದ ಬಾಂಬಿಗೆ ಬೇಕಾದ ಮದ್ದು ತಯಾರಿಸುತ್ತಾರೆ ಅಂತ ಪರದೇಶದವರು. ಅವು ಸಕ್ಕರೆ ಕಾರ್ಖಾನೆಗೆ ಅಂತ ನಮ್ಮ ಸರ್ಕಾರ. ಫೋನು ಕೆಡುವ ಮುಂಚೆ ಅಣ್ಣ ಕೊನೆಯ ಸಲ ಮಾತಾಡಿದಾಗ, ತಾನು ಕಂಡಿದ್ದು ಈರುಳ್ಳಿ ಮೂಟೆ ಮಾತ್ರ, ಅದರಿಂದ ಕಣ್ಣೀರು ಬಿಟ್ಟು ಬೇರೇನೂ ಬಂದಿಲ್ಲ ಅಂತ ನಕ್ಕಿದ್ದ. ಆಮೇಲೆ ದನಿ ತಗ್ಗಿಸಿ, ಹಡಗು ಬಿಟ್ಟು ಬಂದವರನ್ನು ದೇಶದ್ರೋಹಿ ಅಂತ ದಡದಲ್ಲಿ ನಮ್ಮವರೇ ಹಿಡಿದು ಒಳಗೆ ಹಾಕುತ್ತಾರೆ ಅನ್ನೋ ಮಾತಿದೆ, ನಿಜವೋ ಸುಳ್ಳೋ ಇಲ್ಲಿಂದ ಗೊತ್ತಾಗಲ್ಲ ಅಂದ.

"ಇಳಿಯೋಕೆ ಬಿಟ್ಟ ದಿನ ನೀನು ಕರೆದರೆ ಬರ್ತೀನಿ. ಇಲ್ಲಾಂದ್ರೆ ಇಲ್ಲೇ ಇರ್ತೀನಿ. ಹೇಗೆ ಕರೀಬೇಕು ಅಂತ ನಿನಗೆ ಗೊತ್ತಲ್ಲ, ಸೂಜಿ."

ಗೊತ್ತಿತ್ತು. ಚಿಕ್ಕವರಿದ್ದಾಗ ಇಬ್ಬರೂ ದಿನವಿಡೀ ಸಮುದ್ರದ ದಂಡೆಯಲ್ಲೇ ಇರುತ್ತಿದ್ದರು. ಊಟಕ್ಕೆ ಕೂಗಿದರೆ ಅಲೆಯ ಸದ್ದಿನಲ್ಲಿ ಕೇಳುತ್ತಿರಲಿಲ್ಲ. ಅದಕ್ಕೆ ಅಮ್ಮ ಮಾಳಿಗೆಯ ಕಂಬಕ್ಕೆ ಮೇಜಿನ ಹಳದಿ ಬಟ್ಟೆ ಏರಿಸುತ್ತಿದ್ದಳು. ಕಂಡ ಕೂಡಲೇ ಓಡಿ ಬರಬೇಕು. ಆದರೆ ಕೆಲವು ದಿನ ಅರ್ಧ ದಾರಿಗೆ ಬರುವಷ್ಟರಲ್ಲಿ ಬಟ್ಟೆ ಸರ್ರನೆ ಇಳಿದುಬಿಡುತ್ತಿತ್ತು. ಅಂದರೆ ಅಪ್ಪ ಕ್ರೇನ್ ಕೆಲಸ ಮುಗಿಸಿ, ಕುಡಿದು, ತಲೆ ಬಿಸಿ ಮಾಡಿಕೊಂಡು ಮನೆಗೆ ಬಂದಿದ್ದಾನೆ. ಬರಬೇಡಿ, ಇದ್ದಲ್ಲೇ ಇರಿ. ಅಣ್ಣ ಆಗ ಅವಳ ಕೈ ಹಿಡಿದು ಬಂದ ದಾರಿಯಲ್ಲೇ ತಿರುಗುತ್ತಿದ್ದ. ಯಾಕೆ ಅಂತ ಒಂದು ದಿನವೂ ಕೇಳುತ್ತಿರಲಿಲ್ಲ.

ಅಪ್ಪ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಆ ಬಟ್ಟೆಯೂ ಒಲೆ ಒರೆಸಿ ಒರೆಸಿ ಚಿಂದಿಯಾಗಿತ್ತು.

ಅಮ್ಮನ ಕಣ್ಣಿಗೆ ಮದ್ದು ಬಿಟ್ಟು ಸೂಜಿ ಕೆಲಸಕ್ಕೆ ಹೊರಟಳು. ಮೆಟ್ಟಿಲಲ್ಲಿ ಪಕ್ಕದ ಮನೆಯ ದುರ್ಬೀನು ತಾತ ಸಿಕ್ಕ. ಹಿಂದೆ ಹಡಗುಗಳಿಗೆ ದಾರಿ ತೋರಿಸಿ ಬಂದರಿನೊಳಗೆ ತರುತ್ತಿದ್ದ ಮುದುಕ. ಕೆಲಸ ಬಿಟ್ಟರೂ ದುರ್ಬೀನು ಬಿಟ್ಟಿರಲಿಲ್ಲ. ಸ್ನಾನಕ್ಕೂ ಅದನ್ನ ಕೊರಳಲ್ಲಿ ಹಾಕಿಕೊಂಡೇ ಹೋಗ್ತಾರೆ ಅಂತ ಅವನ ಸೊಸೆ ಹೇಳುತ್ತಿದ್ದಳು. ತಾತ ಬಂದರಿನ ಕಚೇರಿಗೆ ಹೋಗಿ ವಿಚಾರಿಸಿಕೊಂಡು ಬಂದಿದ್ದ. ಇಳಿದು ಬಂದವರಿಗೆ ಯಾರೂ ತೊಂದರೆ ಕೊಡುವುದಿಲ್ಲ, ಹೆಸರು ಬರೆದುಕೊಂಡು ಮನೆಗೆ ಕಳಿಸುತ್ತಾರೆ, ತನ್ನ ಕೈಯಲ್ಲಿ ಕೆಲಸ ಕಲಿತವನೇ ಅಲ್ಲಿ ಕೂತಿದ್ದಾನೆ ಅಂದ. ಅಣ್ಣನ ಬಿಳಿ ಏಪ್ರನ್ ಹಡಗಿನ ಹಿಂಬದಿಯ ಕಂಬಿಯ ಮೇಲೆ ಎಂದಿನಂತೆ ಒಣಗುತ್ತಿದೆ ಅಂತಲೂ ಹೇಳಿದ. ಏಪ್ರನ್ ಕಂಡರೆ ಅಣ್ಣ ಚೆನ್ನಾಗಿದ್ದಾನೆ, ಈ ಕಡೆ ನೋಡುತ್ತಿದ್ದಾನೆ ಅಂತ ಲೆಕ್ಕ.

"ಕರೆದುಬಿಡು ಮಗಳೇ. ಇನ್ಯಾಕೆ ತಡ."

ಬೀದಿಯಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಅಂಗಡಿಗಳ ಗಾಜಿಗೆಲ್ಲ ಅಡ್ಡಡ್ಡ ಅಂಟುಪಟ್ಟಿ ಹಚ್ಚಿದ್ದರು. ಬೀದಿಯ ತುದಿಯಲ್ಲಿ ಎರಡು ಗೋಡೆಗಳ ನಡುವೆ ಸಮುದ್ರ ಇರಬೇಕಾದ ಜಾಗದಲ್ಲಿ ಬರೀ ಬೆಳ್ಳಗಿತ್ತು. ಆ ಬಿಳುಪಿನ ನಟ್ಟನಡುವೆ, ಯಾವುದಕ್ಕೂ ತಾಗದೆ, ಅಣ್ಣನ ಹಡಗು ತೂಗುಹಾಕಿದ ಹಾಗೆ ನಿಂತಿತ್ತು. ಇತ್ತೀಚೆಗೆ ಅದು ಅವಳ ಕನಸಿಗೂ ಬರುತ್ತಿತ್ತು. ಕನಸಿನಲ್ಲಿ ಹಡಗು ಸದ್ದಿಲ್ಲದೆ ಬೀದಿಯೊಳಗೆ ಬಂದು, ಎರಡೂ ಬದಿಯ ಕಿಟಕಿಗಳಿಗೆ ತಾಗದಂತೆ ಮೈ ಹಿಡಿ ಮಾಡಿಕೊಂಡು, ಅವರ ಮನೆಯ ಮುಂದೆ ನಿಲ್ಲುತ್ತಿತ್ತು. ಅಣ್ಣ ಮೇಲಿನಿಂದ ಬಾಗಿ, ಉಪ್ಪು ಇದೆಯಾ ಅಂತ ಕೇಳುತ್ತಿದ್ದ. ಅವಳು ಉಪ್ಪು ತರಲು ಒಳಗೆ ಹೋದರೆ ಮನೆಯ ಕೋಣೆಗಳು ಮುಗಿಯುತ್ತಲೇ ಇರಲಿಲ್ಲ.

ಸೂಜಿ ಕೆಲಸ ಮಾಡುತ್ತಿದ್ದದ್ದು ಬಾವುಟ ಹೊಲಿಯುವ ಕಾರ್ಖಾನೆಯಲ್ಲಿ. ಶಾಲೆ ಬಿಟ್ಟ ವರ್ಷವೇ ಸೇರಿದ್ದಳು. ಹೊಲಿಗೆ ಯಂತ್ರದ ಹಿಂದೆ ಕೂತರೆ ಯಾರೊಂದಿಗೂ ಮಾತಾಡಬೇಕಾಗಿರಲಿಲ್ಲ, ಅದೊಂದು ಅವಳಿಗೆ ಸುಖ. ಈಚೆಗೆ ಕೆಲಸಕ್ಕೆ ಬಿಡುವಿರಲಿಲ್ಲ. ಏರಿಸಲು ನಮ್ಮ ದೇಶದ ಬಾವುಟ, ಸುಡಲು ಅವರ ದೇಶದ ಬಾವುಟ. ಎರಡಕ್ಕೂ ಒಂದೇ ಅಂಚು, ಒಂದೇ ನೂಲು. ಸುಡೋದೇ ಆದರೂ ಹೊಲಿಗೆ ಬಿಚ್ಚಬಾರದು, ನಮ್ಮ ಮರ್ಯಾದೆ ಪ್ರಶ್ನೆ ಅನ್ನುತ್ತಿದ್ದ ಯಜಮಾನ. ಹತ್ತಿ ಬಟ್ಟೆ ಬರುವುದು ನಿಂತಮೇಲೆ ನೈಲಾನಿನಲ್ಲಿ ಹೊಲಿದು ಕೊಟ್ಟಿದ್ದರು. ಅದು ಸರಿಯಾಗಿ ಉರಿಯದೆ ಕರಗಿ ಮೆರವಣಿಗೆಯವರ ಚಪ್ಪಲಿಗೆ ಅಂಟಿಕೊಂಡು, ಅವರು ಜಗಳಕ್ಕೆ ಬಂದಿದ್ದರು. ಬಟ್ಟೆ ಕತ್ತರಿಸುವ, ಎಲ್ಲರೂ ಅತ್ತೆ ಅಂತ ಕರೆಯುವ ಹೆಂಗಸು, ಆ ದೇಶ ಸುಟ್ಟರೂ ಬಿಡಲ್ಲ ನೋಡಿ, ಕಾಲಿಗೇ ಅಂಟ್ಕೊಳುತ್ತೆ ಅಂದಾಗ ಜಗಳಕ್ಕೆ ಬಂದವರೇ ನಕ್ಕುಬಿಟ್ಟಿದ್ದರು.

ಕಾರ್ಖಾನೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಬಣ್ಣ ಹಾಕಿದ ಬಾವುಟಗಳನ್ನು ಮಾಳಿಗೆಯ ಹಗ್ಗಗಳಿಗೆ ಏರಿಸಿ ಒಣಗಿಸುತ್ತಿದ್ದರು. ಹೊತ್ತು ಮುಳುಗುವಾಗ ಬಂದರಿನ ಸೈರನ್ ಕೂಗುತ್ತದಲ್ಲ, ಅದು ಕೂಗಿದ ಕೂಡಲೇ ಯಾರು ಏನು ಮಾಡುತ್ತಿದ್ದರೂ ಬಿಟ್ಟು ಹಗ್ಗಕ್ಕೆ ಕೈ ಹಾಕಬೇಕು. ಬಾವುಟ ನೆಲಕ್ಕೆ ತಾಗದಂತೆ ಎಳೆದು ಇಳಿಸಿ, ಮಡಚಿ, ಎದೆಗೆ ಒತ್ತಿಕೊಂಡು ಒಳಗೆ ತರಬೇಕು. ಯಾವ ದೇಶದ್ದಾದರೂ ಸರಿ, ಕತ್ತಲಲ್ಲಿ ಬಾವುಟ ಹೊರಗೆ ಬಿಡೋದು ಮಗೂನ ಹೊರಗೆ ಬಿಟ್ಟ ಹಾಗೆ ಅಂತ ಯಜಮಾನನ ಮಾತು. ಸೂಜಿಗೆ ಇದು ಎಷ್ಟು ಅಭ್ಯಾಸವಾಗಿತ್ತೆಂದರೆ ಸೈರನ್ ಕೇಳುವ ಮುಂಚೆಯೇ ಅವಳ ಅಂಗೈ ತುರಿಸುತ್ತಿತ್ತು.

ಆ ಬೆಳಿಗ್ಗೆ ಅವಳು ಯಜಮಾನನ ಮೇಜಿನ ಮುಂದೆ ಹೋಗಿ ನಿಂತಳು. ಯಜಮಾನ ಕನ್ನಡಕದ ಮೇಲಿನಿಂದ ನೋಡಿ, ಏನು ಸೂಜಿ, ದಾರ ಮುಗೀತಾ ಅಂದ. ಅವಳು ಕಪಾಟಿನ ಮೇಲಿದ್ದ ಹಳದಿ ಬಟ್ಟೆಯ ಕಡೆ ಕೈ ತೋರಿಸಿದಳು. ಹಳದಿ ಬಣ್ಣ ಬರುವುದು ನಿಂತು, ಉಳಿದಿದ್ದದ್ದು ಅದೊಂದೇ ತುಂಡು. ಕೊನೆಗೆ ಅವಳು ಹೇಳಿದ್ದು ಎರಡೇ ಮಾತು: "ಅಣ್ಣನ್ನ ಕರೀಬೇಕು."

ಯಜಮಾನ ತಾನೇ ಸ್ಟೂಲು ಹತ್ತಿ ಬಟ್ಟೆ ಇಳಿಸಿದ. ಅಂಚು ಮಡಚಿ ಹೊಲಿ, ಹಗ್ಗ ಪೋಣಿಸೋಕೆ ಅಂಚಿನಲ್ಲಿ ಕಣ್ಣು ಕೂರಿಸು, ಗಾಳಿಗೆ ಹರಿದರೆ ನನ್ನ ಹೆಸರು ಹಾಳು ಅಂತ ಗದರಿದ. ಮಧ್ಯಾಹ್ನವೇ ಮನೆಗೆ ಹೋಗಲು ಹೇಳಿದ. ಸೂಜಿಯ ಮನೆಯ ಹಳದಿ ಬಟ್ಟೆಯ ಕತೆ ಗೊತ್ತಿದ್ದ ಅತ್ತೆ ಬಟ್ಟೆಯನ್ನು ಅಂಗೈಯಿಂದ ಸವರಿ, ಊಟಕ್ಕೆ ಕರೆಯೋ ಬಾವುಟ ಹೊಲೀತಿರೋದು ಇದೇ ಮೊದಲು, ಮಿಕ್ಕಿದ್ದೆಲ್ಲ ಹೊಡೆದಾಟಕ್ಕೆ ಕರೆಯೋವೇ ಅಂದಳು.

ಮಧ್ಯಾಹ್ನ ಕಳೆಯುವಷ್ಟರಲ್ಲಿ ಹಳದಿ ಬಟ್ಟೆ ಮನೆಯ ಕಂಬದ ತುದಿಯಲ್ಲಿತ್ತು. ಅಮ್ಮ ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಂದು ತಲೆ ಎತ್ತಿದಳು. ಅವಳ ಹಾಲಿನ ಜಗತ್ತಿನಲ್ಲಿ ಒಂದು ಹಳದಿ ಚುಕ್ಕೆ ಅಲ್ಲಾಡಿರಬೇಕು. "ಕಾಣಿಸ್ತಿದೆ," ಅಂದಳು. ಕೆಳಗೆ ಹೋಗಿ ಒಲೆ ಹಚ್ಚಿದಳು. ಸ್ವಲ್ಪ ಹೊತ್ತಿಗೆ ಈರುಳ್ಳಿ ಹುರಿಯುವ ವಾಸನೆ ಮಾಳಿಗೆಗೆ ಬಂತು.

ಪಕ್ಕದ ಮಾಳಿಗೆಯಲ್ಲಿ ತಾತ ಕುರ್ಚಿ ಹಾಕಿಕೊಂಡು ಕೂತಿದ್ದ. ಎರಡು ಮಾಳಿಗೆಗಳ ನಡುವೆ ಮೊಣಕಾಲೆತ್ತರದ ಗೋಡೆಯಷ್ಟೇ. ತಾತ ನೋಡಿದ್ದನ್ನೆಲ್ಲ ಹೇಳುತ್ತಾ ಹೋದ. ಏಪ್ರನ್ ತೆಗೆದರು. ಹಿಂಬದಿಗೆ ಯಾರೋ ಬಂದು ನಿಂತಿದ್ದಾರೆ. ಅವನ ಕೈಯಲ್ಲೂ ದುರ್ಬೀನು ಇದ್ದ ಹಾಗಿದೆ. ತಾತ ತನ್ನ ಕೈ ಬೀಸಿ, ಆಮೇಲೆ ತಾನೇ ನಾಚಿಕೊಂಡು ಕೈ ಇಳಿಸಿದ.

ಆದರೆ ದೋಣಿ ಇಳಿಯಲಿಲ್ಲ. ಬಿಸಿಲು ವಾಲಿತು. ಸಮುದ್ರ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಒಂದೂ ಸುಕ್ಕಿಲ್ಲದೆ ಹರಡಿಕೊಂಡಿತ್ತು. ಬೂದು ಬಣ್ಣದ ಯುದ್ಧನೌಕೆಗಳು ಅದರ ಮೇಲೆ ಮರೆತು ಬಿಟ್ಟುಹೋದ ಇಸ್ತ್ರಿಪೆಟ್ಟಿಗೆಗಳ ಹಾಗೆ ಕಾಣುತ್ತಿದ್ದವು. ಸೂಜಿ ಕಂಬಕ್ಕೆ ಒರಗಿ ಕೂತಳು. ಬಟ್ಟೆ ಮೇಲೆ ಪಟಪಟ ಅನ್ನುತ್ತಿತ್ತು. ಅದರ ನೆರಳು ಅವಳ ಮಡಿಲಿಗೆ ಬಂದು ಹೋಗಿ, ಬಂದು ಹೋಗಿ ಮಾಡುತ್ತಿತ್ತು. ಕಣ್ಣು ತೆರೆದೇ ಇತ್ತು, ಆದರೂ ಅವಳು ಎಲ್ಲೋ ಹೋಗಿದ್ದಳು. ಮರಳು ಬಿಸಿ ಇತ್ತು. ಅಣ್ಣ ಮುಂದೆ, ಅವಳು ಹಿಂದೆ. ಅಣ್ಣನ ಜೇಬಿನಲ್ಲಿ ಕಪ್ಪೆಚಿಪ್ಪುಗಳು ಖಣಖಣ ಅನ್ನುತ್ತಿದ್ದವು.

"ಇಳೀತು," ಅಂದ ತಾತ.

ಅವಳು ಎದ್ದಳು. ಬರಿಗಣ್ಣಿಗೆ ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ಹಡಗಿನ ಬುಡದಿಂದ ಕಡಲೆಕಾಳಿನಷ್ಟು ಏನೋ ಬೇರೆಯಾಗಿ ಈ ಕಡೆ ಹೊರಟಿತ್ತು. ಒಬ್ಬನೇ ಹುಟ್ಟು ಹಾಕುತ್ತಿದ್ದಾನೆ ಅಂದ ತಾತ. ಇಷ್ಟು ಹೊತ್ತು ಯಾಕೆ ಮಾಡಿದ ಅಂತ ತನಗೆ ಈಗ ಗೊತ್ತಾಯಿತು, ಅಲ್ಲೇ ಉಳಿಯುವವರಿಗೆ ರಾತ್ರಿಯ ಅಡುಗೆ ಮಾಡಿಟ್ಟು ಹೊರಟಿದ್ದಾನೆ, ಅಡುಗೆಯವನು ಅಂದರೆ ಹಾಗಿರಬೇಕು ಅಂತ ಹೊಗಳಿದ. ಕೆಳಗೆ ಕೂಗಿ ಅಮ್ಮನಿಗೂ ತಿಳಿಸಿದ. ಕೆಳಗೆ ತಟ್ಟೆಗಳ ಸದ್ದಾಯಿತು.

ಸೂಜಿ ಆ ಕಾಳನ್ನೇ ನೋಡುತ್ತಾ ನಿಂತಳು. ಹೊತ್ತು ನೀರಿಗೆ ತಾಗಿತ್ತು. ಕೆಂಪು ಬೆಳಕಿನ ಒಂದು ಪಟ್ಟಿ ದೋಣಿಯವರೆಗೂ ಹಾಸಿಕೊಂಡಿತ್ತು. ಅಣ್ಣ ಅದರ ಮೇಲೆ ನಡೆದೇ ಬಂದುಬಿಡಬಹುದು ಅನ್ನಿಸಿತು. ಎದೆಯೊಳಗೆ ಏನೋ ಸಡಿಲವಾಯಿತು. ಎಷ್ಟೋ ದಿನಗಳಿಂದ ಬಿಗಿಯಾಗಿ ಸುತ್ತಿಟ್ಟ ನೂಲಿನುಂಡೆ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು.

ಬಂದರಿನ ಸೈರನ್ ಕೂಗಿತು.

ಅವಳ ಕೈ ಹಗ್ಗಕ್ಕೆ ಹೋಯಿತು. ಗಂಟು ಬಿಚ್ಚಿತು. ಎಡಗೈ ಎಳೆಯಿತು, ಬಲಗೈ ಹಿಡಿಯಿತು. ಬಟ್ಟೆ ಮೆತ್ತಗೆ ಅವಳ ತೋಳಿನ ಮೇಲೆ ಇಳಿದು ಕೂತಿತು. ನೆಲಕ್ಕೆ ತಾಗಲಿಲ್ಲ. ಒಂದು ಮಡಿಕೆ, ಇನ್ನೊಂದು ಮಡಿಕೆ. ಕಣ್ಣು ದೋಣಿಯ ಮೇಲೇ ಇತ್ತು. ಬಟ್ಟೆಯನ್ನು ಎದೆಗೆ ಒತ್ತಿಕೊಂಡಳು. ಬಿಸಿಲಿಗೆ ಅದು ಬೆಚ್ಚಗಿತ್ತು.

ತಾತ ದುರ್ಬೀನು ಇಳಿಸಲಿಲ್ಲ. "ಯಾಕೆ ನಿಂತ ಇವನು," ಅಂತ ತನ್ನಷ್ಟಕ್ಕೆ ಕೇಳಿಕೊಂಡ.

ಕಾಳು ನಿಂತಿತ್ತು. ಕೆಂಪು ಪಟ್ಟಿಯ ನಡುವೆ ಸುಮ್ಮನೆ ನಿಂತಿತ್ತು. ಎದ್ದು ನಿಂತು ಈ ಕಡೆಯೇ ನೋಡುತ್ತಿದ್ದಾನೆ ಅಂದ ತಾತ. ಆಮೇಲೆ, ಕೂತ, ಅಂದ. ದೋಣಿ ತಿರುಗುವುದು ಅವಳಿಗೇ ಕಂಡಿತು. ಅರ್ಧ ದಾರಿಯಲ್ಲಿ ಯಾಕೆ ಅಂತ ಒಂದು ದಿನವೂ ಕೇಳದೆ ತಿರುಗುತ್ತಿದ್ದ ಹುಡುಗನ ಹಾಗೇ ಅದು ತಿರುಗಿತು.

ಆಗ ಸೂಜಿ ತನ್ನ ಕೈಯಲ್ಲಿದ್ದದ್ದನ್ನು ನೋಡಿದಳು.

ಬಿಚ್ಚಿದಳು. ಬಟ್ಟೆಯ ಕಣ್ಣಿಗೆ ಹಗ್ಗ ಪೋಣಿಸಲು ಬೆರಳು ಕೇಳಲಿಲ್ಲ. ಕತ್ತಲಲ್ಲೂ ಸೂಜಿಗೆ ದಾರ ಪೋಣಿಸುವ ಬೆರಳುಗಳು. ಹೇಗೋ ಕಟ್ಟಿ ಏರಿಸಿದಳು, ತುದಿ ಮುಟ್ಟುವ ತನಕ ಏರಿಸಿದಳು. ಅಷ್ಟರಲ್ಲಿ ಸೂರ್ಯ ಪೂರ್ತಿ ಮುಳುಗಿದ್ದ. ಆಕಾಶದ ಬೂದಿ ಬಣ್ಣ ಬಟ್ಟೆಗೂ ಹತ್ತಿತ್ತು. ಅವಳು ತಾತನ ಮುಖ ನೋಡಿದಳು.

"ಇಲ್ಲಿಂದ ನನಗೇ ಹಳದಿ ಕಾಣ್ತಿಲ್ಲ ಮಗಳೇ," ಅಂದ ತಾತ.

ಊರಿನಲ್ಲಿ ಒಂದೂ ದೀಪ ಹತ್ತಲಿಲ್ಲ. ಬಾಂಬಿನ ಭಯಕ್ಕೆ ದೀಪ ಹಚ್ಚಬಾರದೆಂದು ಆಜ್ಞೆಯಾಗಿತ್ತು. ಆಚೆ ಯುದ್ಧನೌಕೆಗಳ ಮೇಲೆ ಮಾತ್ರ ಬೆಳಕು ಒಂದೊಂದಾಗಿ ಹತ್ತಿ, ಸರಕಿನ ಹಡಗಿನ ಸುತ್ತ ಒಂದು ಸುಂದರವಾದ ಹಾರ ಕಟ್ಟಿತು. ಸೈನಿಕರ ಸಣ್ಣ ದೋಣಿಗಳು ಅವುಗಳ ಬದಿಯಿಂದ ಇಳಿಯುತ್ತಿದ್ದವು. ಅವುಗಳಲ್ಲಿ ಯಾವುದೂ ಅಣ್ಣನದಲ್ಲ. ತಾತ ದುರ್ಬೀನನ್ನು ಕೊರಳಿಂದ ತೆಗೆದು, ತುಂಬಾ ಭಾರವಾದದ್ದನ್ನು ಇಡುವ ಹಾಗೆ, ಗೋಡೆಯ ಮೇಲೆ ಇಟ್ಟ.

ಮೆಟ್ಟಿಲ ಬುಡದಿಂದ ಅಮ್ಮನ ದನಿ ಬಂತು. ದೋಣಿ ತಿರುಗಿದ್ದು ಅವಳಿಗೆ ಗೊತ್ತಾಗಿರಲಿಲ್ಲ.

"ಸೂಜಿ, ಅವನು ಬಂದ ತಕ್ಷಣ ಮಾತಿಗೆ ನಿಲ್ಲಿಸ್ಕೋಬೇಡ. ಕೈಕಾಲು ತೊಳ್ಕೊಂಡು ಒಳಗೆ ಬರೋಕೆ ಹೇಳು."